ಬಾಂಬ್ ಹಾಕಿದ ಮೇಲೆ ಆ ದಾರಿ ಸೇಫಾ?

"ನೀವು ಶಿಪ್ಪಲ್ಲಿ ಇರೋದಲ್ವಾ? ಅಮೆರಿಕ ಹೌತಿಗಳ ಮೇಲೆ ಅಷ್ಟು ಬಾಂಬ್ ಹಾಕಿತಲ್ಲ, ಈಗ ಕೆಂಪು ಸಮುದ್ರ ಸೇಫ್ ಆಯ್ತಾ?"

ರಜೆಗೆ ಮಂಗಳೂರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. ಇನ್ನು ಮೇಲೆ ಬಾಯಲ್ಲಿ ಉತ್ತರ ಕೊಡುವುದಿಲ್ಲ, ಸುಮ್ನೆ ಈ ಲಿಂಕ್ ಕಳಿಸುತ್ತೇನೆ.

ಇಲ್ಲ, ಆಗಲಿಲ್ಲ.

ನನ್ನ ಮಾತು ಬೇಡ, ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಮಾತು ಕೇಳಿ. ಹೌತಿಗಳು ಅಂದ್ರೆ ಯೆಮನ್‌ನ ಬಂಡುಕೋರರು. ಗಾಜಾ ಯುದ್ಧದ ಹೆಸರಲ್ಲಿ, ಇಸ್ರೇಲ್ ನಂಟಿದೆ ಅಂತ 2023ರ ನವೆಂಬರ್‌ನಿಂದ ಹಡಗುಗಳ ಮೇಲೆ ಬೀಳುತ್ತಿದ್ದರು. ಅದಕ್ಕೆ ತಿರುಗೇಟು ಅಂತ 2024ರ ಜನವರಿ 12ರಂದು ಅಮೆರಿಕ, ಬ್ರಿಟನ್ ಯೆಮನ್ ಮೇಲೆ ಬಾಂಬ್ ಹಾಕಿದವು. ವಾರದೊಳಗೆ ಪತ್ರಕರ್ತರು ಕೇಳಿದರು, ಏನಾದರೂ ಉಪಯೋಗ ಆಯ್ತಾ ಅಂತ. ಹೌತಿಗಳು ನಿಲ್ಲಿಸುತ್ತಿದ್ದಾರಾ ಅಂದ್ರೆ ಇಲ್ಲ, ನಮ್ಮ ಬಾಂಬ್ ದಾಳಿ ಮುಂದುವರಿಯುತ್ತದಾ ಅಂದ್ರೆ ಹೌದು ಅಂದರು ಅಧ್ಯಕ್ಷರು. ಹಾಕಿಸಿದವರೇ ಹೇಳಿದ ಮೇಲೆ ನನ್ನನ್ನೇನು ಕೇಳುತ್ತೀರಿ?

ಸುರತ್ಕಲ್‌ನ ಒಂದು ಮದುವೆಯಲ್ಲಿ ಪಕ್ಕ ಕೂತಿದ್ದ ದೂರದ ಮಾವ, ಎಲೆಗೆ ಅನ್ನ ಬೀಳುವ ಮೊದಲೇ ತೀರ್ಪು ಕೊಟ್ಟರು. "ಇಡೀ ಪ್ರಪಂಚ ಒಟ್ಟಾಗಿ ಬಾರಿಸಿದೆ ಮಾರಾಯ, ಇನ್ನು ಅವರು ತಲೆ ಎತ್ತಲಿಕ್ಕಿಲ್ಲ."

ಎಲ್ಲಿಯ ಪ್ರಪಂಚ? ಹಡಗುಗಳ ಮೇಲಿನ ದಾಳಿ ತಪ್ಪು ಅಂತ ಭದ್ರತಾ ಮಂಡಳಿ ಜನವರಿ 10ರಂದು ನಿರ್ಣಯ ಮಾಡಿತ್ತು, ನಿಜ. 11 ದೇಶ ಕೈ ಎತ್ತಿದವು. ರಷ್ಯಾ, ಚೀನಾ ಸೇರಿ ನಾಲ್ಕು ತಟಸ್ಥ. ಬಾಂಬ್ ಹಾಕುವಾಗ ಜೊತೆಗಿದ್ದ ಅರಬ್ ದೇಶ ಬಹ್ರೇನ್ ಒಂದೇ. ಓಮನ್ ಖಂಡಿಸಿತು. ಸೌದಿ ಅರೇಬಿಯ ಸಂಯಮ ಬೇಕು ಅಂದಿತು. 2015ರಿಂದ ವರ್ಷಗಟ್ಟಲೆ ಇದೇ ಹೌತಿಗಳ ಮೇಲೆ ಬಾಂಬ್ ಸುರಿದ ಸೌದಿ! ಅಷ್ಟು ಸುರಿದರೂ ಏನಾಗಲಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಭಾರತ, ಹಡಗು ಕಾಯಲಿಕ್ಕೆ ಅಂತ ಅಮೆರಿಕ ಕಟ್ಟಿದ ಕೂಟ ಸೇರದೆ ತನ್ನದೇ ಯುದ್ಧನೌಕೆ ಕಳಿಸಿತು.

ಇಷ್ಟೆಲ್ಲ ಹೇಳಿದೆ. ಮಾವ ಸಾರು ಕಲಸುತ್ತಾ, "ಅದೆಲ್ಲ ಇರಲಿ, ಪೆಟ್ರೋಲಿಗೆ ಎಷ್ಟಾಗಬಹುದು?" ಅಂದರು.

ಅಲ್ಲ, ಹಡಗಿನಲ್ಲಿ ಜನ ಇರುತ್ತಾರೆ ಅನ್ನೋದು ಯಾರ ತಲೆಗೂ ಬರುವುದಿಲ್ಲವಾ? ಹಡಗಿನ ಗುರುತು ಸಾರುವ ಯಂತ್ರವೊಂದಿದೆ, ಎಐಎಸ್ ಅಂತ. ಮುಂದಿನ ಬಂದರಿನ ಹೆಸರು ಹಾಕಬೇಕಾದ ಜಾಗದಲ್ಲಿ 'ಇಸ್ರೇಲ್ ಸಂಬಂಧ ಇಲ್ಲ', 'ಎಲ್ಲರೂ ಚೀನೀಯರು' ಅಂತ ಹಾಕಿಕೊಂಡು ಎಷ್ಟೋ ಹಡಗುಗಳು ಕೆಂಪು ಸಮುದ್ರದ ದಕ್ಷಿಣದ ಬಾಗಿಲಾದ ಬಾಬ್ ಅಲ್ ಮಂದಬ್ ಜಲಸಂಧಿ ದಾಟಿದವು. ಲಾರಿ ಹಿಂದೆ 'ಮಂಜುನಾಥ ಕಾಪಾಡು' ಅಂತ ಇರುತ್ತದಲ್ಲ, ಹಾಗೆ.

ಬಾಂಬ್ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ, ಟ್ರೂ ಕಾನ್ಫಿಡೆನ್ಸ್ ಹಡಗಿಗೆ ಕ್ಷಿಪಣಿ ಬಡಿದು ಮೂವರು ಸತ್ತರು. ಉಳಿದವರನ್ನು ನಮ್ಮ ಐಎನ್‌ಎಸ್ ಕೋಲ್ಕತ್ತ ಎತ್ತಿಕೊಂಡು ಬಂತು. ಜೂನ್‌ನಲ್ಲಿ ಟ್ಯೂಟರ್ ಹಡಗಿನ ಎಂಜಿನ್ ರೂಮಿಗೇ ಪೆಟ್ಟು. ಅಲ್ಲಿದ್ದ ಫಿಲಿಪ್ಪೀನ್ಸ್ ನಾವಿಕ ಹೊರಗೆ ಬರಲೇ ಇಲ್ಲ. ನಾನೂ ಎಂಜಿನ್ ರೂಮಿನವನೇ. 2025ರ ಮೇನಲ್ಲಿ ಟ್ರಂಪ್ ಹೌತಿಗಳ ಜೊತೆ ರಾಜಿ ಮಾಡಿಕೊಂಡರು: ಅಮೆರಿಕದ ಹಡಗು ಮುಟ್ಟಬೇಡಿ, ನಾವು ಬಾಂಬ್ ನಿಲ್ಲಿಸುತ್ತೇವೆ ಅಂತ. ಜುಲೈನಲ್ಲಿ ಹೌತಿಗಳ ದಾಳಿಗೆ ಎರಡು ಹಡಗು ಮುಳುಗಿದವು. ಅವು ಅಮೆರಿಕದವಲ್ಲ, ಬಿಡಿ.

ನನ್ನನ್ನು ಒಬ್ಬರೂ ಕೇಳದ ಪ್ರಶ್ನೆ ಇನ್ನೊಂದಿದೆ: "ಆ ದಾರೀಲಿ ಬರಲ್ಲ ಅಂತ ನೀವು ಹೇಳಬಹುದಾ?"

ಹೇಳಬಹುದು. ಹಡಗಿಗೆ ನಾವಿಕರ ಅಂತಾರಾಷ್ಟ್ರೀಯ ಯೂನಿಯನ್ ಜೊತೆ ಒಪ್ಪಂದ ಇದ್ದರೆ, ಕಂಪನಿ ತನ್ನ ಖರ್ಚಿನಲ್ಲಿ ನಮ್ಮನ್ನು ಮನೆಗೆ ಕಳಿಸಬೇಕು. ಹೋಗುತ್ತೇನೆ ಅಂದವರಿಗೆ ಅಷ್ಟು ದಿನ ಮೂಲ ಸಂಬಳ ಡಬಲ್. ಒಪ್ಪಂದ ಇಲ್ಲದ ಹಡಗುಗಳೂ ಬೇಕಾದಷ್ಟಿವೆ. ಏಜೆಂಟನಿಗೆ ಸಾಲ ಮಾಡಿ ದುಡ್ಡು ಕೊಟ್ಟು ಮೊದಲ ಸಲ ಹತ್ತಿದ ಹುಡುಗ, ಒಪ್ಪಂದ ಇದ್ದರೂ ಬಾಯಿ ಬಿಡುವುದಿಲ್ಲ. ಮುಂದಿನ ಕಾಂಟ್ರಾಕ್ಟ್ ಯಾರು ಕೊಡುತ್ತಾರೆ? ನಿಮ್ಮ ಮನೆಯ ಹುಡುಗ ಮರ್ಚೆಂಟ್ ನೇವಿಗೆ ಹೊರಟಿದ್ದರೆ, ಸಹಿ ಹಾಕುವ ಮೊದಲು ಆ ಒಪ್ಪಂದ ಇದೆಯಾ ಅಂತ ಕೇಳಲಿ. ಏಜೆಂಟ್ ಮುಖ ಸಿಂಡರಿಸಿದರೆ ಬೇರೆ ಹಡಗು ನೋಡಲಿ.