‘ಸುಮ್ನೆ ರ‍್ಯಾಂಡಮ್ ಹಾಕಿದ್ರೆ ಆಗಲ್ವಾ?’

ಆಗಲ್ಲ.

ಉತ್ತರ ಅಷ್ಟೇ. ಅಲ್ಲಿಗೇ ಬಿಟ್ಟರೆ ಸಿಡುಕ ಅನ್ನುತ್ತಾರೆ, ಅದಕ್ಕೆ ಉಳಿದದ್ದನ್ನೂ ಒಮ್ಮೆಗೇ ಬರೆದಿಡುತ್ತಿದ್ದೇನೆ. ಬಾಹ್ಯಾಕಾಶದ ಆಟಗಳಲ್ಲಿ ಲಕ್ಷಗಟ್ಟಲೆ ನಕ್ಷತ್ರ, ಗ್ರಹ, ಚಂದ್ರಗಳನ್ನು ಕೈಯಿಂದ ಬರೆಯಲಾಗುವುದಿಲ್ಲ, ಕೋಡಿನಿಂದ ಹುಟ್ಟಿಸಬೇಕು. ಪ್ರೊಸೀಜರಲ್ ಜನರೇಶನ್ ಅನ್ನುವುದು ಇದಕ್ಕೇ. ಇದರಲ್ಲಿ ಭೌತಶಾಸ್ತ್ರದ ಲೆಕ್ಕವೂ ಬರುತ್ತದೆ ಅಂದರೆ ಸಾಕು, ಎದುರಿನವರದು ಒಂದೇ ಮಾತು: ‘ಅಯ್ಯೋ, ಆಟ ತಾನೇ? ಸುಮ್ನೆ ರ‍್ಯಾಂಡಮ್ ಹಾಕಿದ್ರೆ ಆಗಲ್ವಾ? ಆಡೋರಿಗೇನು ಗೊತ್ತಾಗುತ್ತೆ?’

ರ‍್ಯಾಂಡಮ್ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ‘ಸುಮ್ನೆ’ ಬಗ್ಗೆ. ‘ಸುಮ್ನೆ ಒಂದು ಒಗ್ಗರಣೆ ಹಾಕ್ಬಿಡಿ’ ಅನ್ನುವವರೇ ಸಾಸಿವೆ ಸಿಡಿಯುವ ಮೊದಲು ಕರಿಬೇವು ಸುರಿಯುವವರು.

ಆಯಿತು, ಸುಮ್ನೆ ಹಾಕಿಯೇ ನೋಡೋಣ. ನಕ್ಷತ್ರದ ದ್ರವ್ಯರಾಶಿ ಸೂರ್ಯನ 0.1ರಿಂದ 50 ಪಟ್ಟಿನ ನಡುವೆ ಎಲ್ಲಾದರೂ ಬೀಳಲಿ, ಎಲ್ಲ ಸಂಖ್ಯೆಗೂ ಸಮಾನ ಅವಕಾಶ. ಏನು ಬಂತು? ಹೆಚ್ಚುಕಡಿಮೆ ಅರ್ಧದಷ್ಟು ನಕ್ಷತ್ರಗಳು ಸೂರ್ಯನ 25 ಪಟ್ಟಿಗಿಂತ ಭಾರ. ಅಂಥವು ಒಂದು ಕೋಟಿ ವರ್ಷವೂ ಬಾಳುವುದಿಲ್ಲ. ಭೂಮಿಯಂಥ ಗ್ರಹ ಪೂರ್ತಿ ಕೂಡಿಕೊಳ್ಳುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ನಿಮ್ಮ ಆಟದಲ್ಲೋ ಅದರ ಸುತ್ತ ಕಾಡು, ಕಡಲು, ಪಾಳುಬಿದ್ದ ಪುರಾತನ ದೇಗುಲ! ನಿಜದ ಆಕಾಶದಲ್ಲಿ ನಮ್ಮ ನೆರೆಯ ನಾಲ್ಕು ನಕ್ಷತ್ರಗಳಲ್ಲಿ ಸುಮಾರು ಮೂರು ಕೆಂಪು ಕುಬ್ಜಗಳು. ಮಂಕು ಜಾತಿಯವು, ಅಂಗಳದಲ್ಲಿ ನಿಂತು ನೋಡಿದರೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಹೇಳಿದರೆ ಯಾರೂ ನಂಬುವುದೂ ಇಲ್ಲ.

ಸರಿಯಾಗಿ ಮಾಡಬೇಕಾದರೆ, ಯಾವ ತೂಕದ ನಕ್ಷತ್ರಗಳು ಎಷ್ಟೆಷ್ಟು ಹುಟ್ಟುತ್ತವೆ ಅನ್ನುವುದಕ್ಕೆ ಖಗೋಳವಿಜ್ಞಾನಿ ಕ್ರೂಪಾ ಅವರ 2001ರ ಹಂಚಿಕೆ ಹಿಡಿಯಿರಿ. ಸೂರ್ಯನ 0.08ರಿಂದ 0.5 ಪಟ್ಟಿನವರೆಗೆ ನಕ್ಷತ್ರಗಳ ಸಂಖ್ಯೆ ದ್ರವ್ಯರಾಶಿಯ ಮೈನಸ್ 1.3ನೇ ಘಾತದಂತೆ ಇಳಿಯುತ್ತದೆ, ಅದರಾಚೆಗೆ ಮೈನಸ್ 2.3. ಎರಡು ತುಂಡನ್ನು ಬೆಸೆಯುವ ಜಾಗದಲ್ಲಿ ಎರಡನೆಯದನ್ನು 0.5ರಿಂದ ಗುಣಿಸಬೇಕು. ಇದನ್ನು ಮರೆಯದವರು ಕಡಿಮೆ. ಮರೆತರೆ 0.5ರ ಮೇಲಿನ ನಕ್ಷತ್ರಗಳ ತೂಕ ಇರಬೇಕಾದ್ದರ ಎರಡು ಪಟ್ಟಾಗುತ್ತದೆ, ಗ್ರಾಫಿನಲ್ಲಿ ಅದೇ ಜಾಗದಲ್ಲಿ ಒಂದು ಮೆಟ್ಟಿಲು ಎದ್ದು ಕೂರುತ್ತದೆ. ಆಮೇಲೆ ವಯಸ್ಸು. ಆಯುಷ್ಯ ಸುಮಾರು 1000 ಕೋಟಿ ವರ್ಷ ಗುಣಿಸು ದ್ರವ್ಯರಾಶಿಯ ಮೈನಸ್ 2.5ನೇ ಘಾತ. ವಯಸ್ಸು ಆಯುಷ್ಯವನ್ನು ಮೀರಿದರೆ ಆ ನಕ್ಷತ್ರ ಸತ್ತಿದೆ. ಹುಟ್ಟುವಾಗ ಸೂರ್ಯನ 8 ಪಟ್ಟಿಗಿಂತ ಹಗುರವಿದ್ದರೆ ಅಲ್ಲೀಗ ಶ್ವೇತಕುಬ್ಜ, ಅಂದರೆ ಸತ್ತ ನಕ್ಷತ್ರದ ಉಳಿದ ತಿರುಳು, ಇರಬೇಕು. ‘ಶ್ವೇತಕುಬ್ಜ 5 ಪರ್ಸೆಂಟ್’ ಅಂತ ಮೊದಲೇ ಕೋಷ್ಟಕ ಬರೆದು ಚೀಟಿ ಎತ್ತುವವರಿದ್ದಾರಲ್ಲ, ಅವರ ಆಟದಲ್ಲಿ ಮಗುವಿಗಿಂತ ಮೊದಲು ಹೆಣ ಹುಟ್ಟುತ್ತದೆ.

ಇನ್ನು ಒಂದೇ ನಕ್ಷತ್ರ ಹಿಡಿದು ಹೋಗೋಣ: ಪ್ರಾಕ್ಸಿಮಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ್ದು, 4.24 ಜ್ಯೋತಿರ್ವರ್ಷ. ದ್ರವ್ಯರಾಶಿ ಸೂರ್ಯನ 0.12ರಷ್ಟು. ಪಠ್ಯಪುಸ್ತಕದಲ್ಲಿ ಪ್ರಕಾಶಕ್ಕೆ (ಸೂರ್ಯನದು 1 ಎಂದಿಟ್ಟುಕೊಂಡು) ಒಂದು ಸೂತ್ರವಿದೆ, ದ್ರವ್ಯರಾಶಿಯ 3.5ನೇ ಘಾತ. ಹಾಕಿದರೆ 0.0006 ಬರುತ್ತದೆ. ಅಳೆದು ಕಂಡದ್ದು ಸುಮಾರು 0.0016. ಲೆಕ್ಕದಲ್ಲಿ ತಪ್ಪಿಲ್ಲ, ಆ ಸೂತ್ರ ಇಷ್ಟು ಚಿಕ್ಕ ನಕ್ಷತ್ರದ್ದಲ್ಲ. 0.43ಕ್ಕಿಂತ ಹಗುರವಾದವಕ್ಕೆ 2.3ನೇ ಘಾತ ತೆಗೆದು 0.23ರಿಂದ ಗುಣಿಸಬೇಕು. ಆಗ 0.0017ರ ಹತ್ತಿರ ಬಂದು ನಿಲ್ಲುತ್ತದೆ.

ಈಗ ‘ಸುಮ್ನೆ’ ಪಂಥದವರು ಇದಕ್ಕೊಂದು ಹಸಿರು ಗ್ರಹ ಇಡುತ್ತಾರೆ. ಎಲ್ಲಿ? ಒಂದು ಖಗೋಳಮಾನ ದೂರದಲ್ಲಿ, ಯಾಕೆಂದರೆ ಸೂರ್ಯನಿಂದ ಭೂಮಿ ಇರುವುದು ಅಷ್ಟು ದೂರದಲ್ಲಿ. ತಾಪಮಾನ ಲೆಕ್ಕ ಹಾಕಿ: ಭೂಮಿಗೆ ಹಸಿರುಮನೆ ಪರಿಣಾಮ ಬಿಟ್ಟು 255 ಕೆಲ್ವಿನ್. ಪ್ರಕಾಶ 0.0016 ಆದರೆ ಅದರ ನಾಲ್ಕನೇ ಮೂಲ 0.2. ಗುಣಿಸಿದರೆ 51 ಕೆಲ್ವಿನ್. ನೈಟ್ರೋಜನ್ 63 ಕೆಲ್ವಿನ್‌ಗೇ ಹೆಪ್ಪುಗಟ್ಟುತ್ತದೆ. ಅಂದರೆ ನಿಮ್ಮ ತೆಂಗಿನ ಮರದ ಬುಡದಲ್ಲಿ ಗಾಳಿಯೇ ಕಲ್ಲಾಗಿ ಬಿದ್ದಿದೆ. ಹಸಿರುಮನೆ ಪರಿಣಾಮ ಕಾಪಾಡುತ್ತದೆ ಅನ್ನಬೇಡಿ, ಭೂಮಿಯಲ್ಲಿ ಅದು ಕೊಡುವುದು 33 ಡಿಗ್ರಿ.

ನೀರು ನೀರಾಗಿಯೇ ಉಳಿಯಬಲ್ಲ ವಾಸಯೋಗ್ಯ ವಲಯವನ್ನು ಪ್ರಕಾಶದ ವರ್ಗಮೂಲದಿಂದ ಹಿಗ್ಗಿಸಿ ಕುಗ್ಗಿಸಬೇಕು. ಸೂರ್ಯನಿಗೆ 0.95ರಿಂದ 1.37 ಖಗೋಳಮಾನ ಎಂದು ಕಾಸ್ಟಿಂಗ್ ಮತ್ತು ಸಂಗಡಿಗರು 1993ರಲ್ಲಿ ಹಾಕಿದ ಲೆಕ್ಕವನ್ನು ಹಿಡಿದರೆ, ಪ್ರಾಕ್ಸಿಮಾಕ್ಕೆ ಅದು 0.038ರಿಂದ 0.055. 2016ರಲ್ಲಿ ಸಿಕ್ಕ ಅದರ ಗ್ರಹ ಪ್ರಾಕ್ಸಿಮಾ ಬಿ ಇರುವುದು 0.0485ರಲ್ಲಿ, ಈ ಗೆರೆಗಳ ಒಳಗೇ. ವರ್ಷ ಎಷ್ಟು ದಿನ ಅಂತ ಪ್ರತ್ಯೇಕವಾಗಿ ರ‍್ಯಾಂಡಮ್ ಹಾಕುವ ಹಕ್ಕು ನಿಮಗಿಲ್ಲ. ದೂರದ ಘನವನ್ನು ನಕ್ಷತ್ರದ ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವರ್ಷ ತಾನೇ ಬರುತ್ತದೆ: 11 ದಿನ ಚಿಲ್ಲರೆ.

ಆ ಗ್ರಹಕ್ಕೆ ಒಂದು ಚಂದ್ರ ಬೇಕೋ? ಪೋಸ್ಟರಿಗೆ ಚೆನ್ನಾಗಿ ಕಾಣುತ್ತದೆ, ಹೌದು. ಗ್ರಹದ ಹಿಡಿತ ಎಲ್ಲಿಯವರೆಗೆ ಅನ್ನುವುದಕ್ಕೆ ಹಿಲ್ ತ್ರಿಜ್ಯ ಎಂಬ ಅಳತೆಯಿದೆ. ಭೂಮಿಗೆ ಅದು ಸುಮಾರು 15 ಲಕ್ಷ ಕಿ.ಮೀ. ಪ್ರಾಕ್ಸಿಮಾ ಬಿಗೆ ನಕ್ಷತ್ರ ಮಗ್ಗುಲಲ್ಲೇ ಕೂತಿರುವುದರಿಂದ 1.5 ಲಕ್ಷ ಕಿ.ಮೀ. ಮಾತ್ರ. ಅದರ ಅರ್ಧದೊಳಗೆ ಇದ್ದರಷ್ಟೇ ಚಂದ್ರ ನೆಮ್ಮದಿಯಾಗಿ ಸುತ್ತುತ್ತದೆ. ನಮ್ಮ ಚಂದ್ರನ ದೂರ 3.84 ಲಕ್ಷ ಕಿ.ಮೀ. ಅದನ್ನೇ ನಕಲು ಮಾಡಿ ಅಲ್ಲಿಟ್ಟರೆ ನಕ್ಷತ್ರ ಎಳೆದುಕೊಂಡು ಹೋಗುತ್ತದೆ.

ಹೀಗೆ ಪ್ರತಿ ಸಂಖ್ಯೆಯ ಕೊರಳಪಟ್ಟಿಯೂ ಹಿಂದಿನ ಸಂಖ್ಯೆಯ ಕೈಯಲ್ಲಿದೆ. ರ‍್ಯಾಂಡಮ್‌ಗೆ ಉಳಿಯುವುದು ಆ ಹಿಡಿತದೊಳಗಿನ ಜಾಗ.

‘ಹಾಗಾದ್ರೆ ನಮ್ಮ ಸೌರವ್ಯೂಹವನ್ನೇ ಅಚ್ಚು ಮಾಡಿ ಒತ್ತಿದ್ರಾಯ್ತು’ ಅನ್ನುವವರು ಇನ್ನೊಂದು ಗುಂಪು. 1970ರಲ್ಲಿ ಸ್ಟೀಫನ್ ಡೋಲ್ ದೂಳಿನ ತಟ್ಟೆಯೊಳಗೆ ಬೀಜಗಳನ್ನು ಒಂದೊಂದಾಗಿ ಬಿಟ್ಟು, ಅವು ದೂಳು ಬಳಿದುಕೊಂಡು ಗ್ರಹಗಳಾಗುವ ಸಿಮ್ಯುಲೇಶನ್ ಬರೆದರು. ಅದರ ವಂಶದ ಕೋಡುಗಳು ಇಂದಿಗೂ ಓಡಾಡಿಕೊಂಡಿವೆ. ಸೊಗಸಾದ ವಿಧಾನ. ಆದರೆ ಅದು ಕೊಡುವುದು ನಮ್ಮಂಥದ್ದನ್ನೇ, ಒಳಗೆ ಚಿಕ್ಕವು, ಹೊರಗೆ ದೊಡ್ಡವು. 1995ರಲ್ಲಿ 51 ಪೆಗಾಸಿ ಬಿ ಎಂಬ ಗ್ರಹ ಸಿಕ್ಕಿತು: ಗುರುವಿನ ಅರ್ಧದಷ್ಟು ತೂಕ, ವರ್ಷ ನಾಲ್ಕು ದಿನ ಚಿಲ್ಲರೆ. ಭಾರತದಿಂದ ಹೋದ ಹೆಸರನ್ನು ಹೊತ್ತ ‘ಸಂತಮಸ’ವೂ ಇದೇ ಜಾತಿ, ‘ಬಿಭಾ’ ಎಂಬ ತನ್ನ ನಕ್ಷತ್ರವನ್ನು ಎರಡು ದಿನ ಚಿಲ್ಲರೆಯಲ್ಲಿ ಸುತ್ತುತ್ತದೆ. ಅಚ್ಚಿನಿಂದ ಇವು ಬರುವುದಿಲ್ಲ.

ಸ್ಥಿರತೆಗೂ ಒಂದು ಮಾತು. ಪಕ್ಕಪಕ್ಕದ ಎರಡು ಗ್ರಹಗಳ ಅಂತರವನ್ನು ಅವುಗಳ ಜಂಟಿ ಹಿಲ್ ತ್ರಿಜ್ಯದಿಂದ ಭಾಗಿಸಿ. 3.5ರ ಕೆಳಗೆ ಬಂದರೆ ಒಂದನ್ನು ಅಳಿಸಿ, ಕ್ಷಮೆಯಿಲ್ಲ. ಗ್ರಹಗಳು ಹೆಚ್ಚಿದ್ದರೆ 10 ಇಟ್ಟುಕೊಳ್ಳುವುದು ರೂಢಿ. ಶುಕ್ರ ಮತ್ತು ಭೂಮಿಗೆ ಇದು ಸುಮಾರು 26, ಆರಾಮ. ಆದರೆ ಗುರು ಮತ್ತು ಶನಿಗೆ ಸುಮಾರು 8! 10 ಅಂತ ಕಟ್ಟುನಿಟ್ಟು ಮಾಡಿದರೆ ನಿಮ್ಮ ಕೋಡು ನಮ್ಮ ಶನಿಯನ್ನೇ ಅಕ್ರಮ ಅಂತ ಹೊರಗಟ್ಟುತ್ತದೆ. ದೈತ್ಯರ ಜೋಡಿಗೆ 7, ಉಳಿದವಕ್ಕೆ 10 ಎಂದಿಟ್ಟರೆ ಕೆಲಸ ನಡೆಯುತ್ತದೆ. ದೈತ್ಯರ ವಿಷಯ ಬಂದಾಗ ಗಾತ್ರವನ್ನೂ ನೋಡಿಕೊಳ್ಳಿ. ತೂಕ ಹತ್ತು ಪಟ್ಟಾದರೆ ತ್ರಿಜ್ಯ ಘನಮೂಲದಂತೆ ಎರಡು ಪಟ್ಟು ಮೀರಿ ಊದುವುದಿಲ್ಲ. ಗುರುವಿನ ಹತ್ತು ಪಟ್ಟು ತೂಗುವ ಗ್ರಹವೂ ಹೆಚ್ಚುಕಡಿಮೆ ಗುರುವಿನಷ್ಟೇ ದಪ್ಪ, ಒಳಗೆ ಒತ್ತಿಕೊಂಡಿರುತ್ತದೆ ಅಷ್ಟೇ.

‘ಆಡೋರಿಗೇನು ಗೊತ್ತಾಗುತ್ತೆ’ಗೆ ಬರುತ್ತೇನೆ. ಹಿಲ್ ತ್ರಿಜ್ಯ ಗೊತ್ತಾಗುವುದಿಲ್ಲ, ಒಪ್ಪಿದೆ. ಗೊತ್ತಾಗುವುದು ಬೇಸರ. ಎಲ್ಲವನ್ನೂ ಸಮಾನ ಅವಕಾಶದಲ್ಲಿ ಎಳೆದರೆ ಹತ್ತನೇ ವ್ಯವಸ್ಥೆಯ ಹೊತ್ತಿಗೆ ಎಲ್ಲವೂ ಒಂದೇ ಚಿತ್ರಾನ್ನ. ಒಂದು ನೀಲಿ ಗ್ರಹ, ಒಂದು ಕೆಂಪು ಗ್ರಹ, ಒಂದು ಉಂಗುರದ್ದು, ಮತ್ತೆ ಅದೇ. ನಿಯಮ ಬಿಗಿಯಾದಷ್ಟೂ ಒಂದೊಂದು ವ್ಯವಸ್ಥೆಗೂ ಒಂದೊಂದು ಮುಖ ಬರುತ್ತದೆ. ಕೆಂಪು ಕುಬ್ಜದ ಸುತ್ತ ಎಲ್ಲವೂ ಒತ್ತಾಗಿ ಕೂತಿರುತ್ತವೆ. ಟ್ರಾಪಿಸ್ಟ್–1ರ ಏಳೂ ಗ್ರಹಗಳು ಬುಧನ ಕಕ್ಷೆಯೊಳಗೆ ಹಿಡಿಸುತ್ತವೆ, ಪಕ್ಕದ ಮನೆ ಬರಿಗಣ್ಣಿಗೆ ತಟ್ಟೆಯಂತೆ ಕಾಣುತ್ತದೆ. ಸಮತೂಕದ ಜೋಡಿ ನಕ್ಷತ್ರಗಳು ವೃತ್ತದಲ್ಲಿ ಸುತ್ತುತ್ತಿದ್ದರೆ, ಒಂದರ ಗ್ರಹಗಳು ಆ ಅಂತರದ ಸುಮಾರು 0.27ರವರೆಗೆ ಮಾತ್ರ ಉಳಿಯುತ್ತವೆ, ಆಚೆಗೆ ಬರೀ ಖಾಲಿ. ಉತ್ಕೇಂದ್ರತೆ (ಕಕ್ಷೆ ವೃತ್ತ ಬಿಟ್ಟು ಎಷ್ಟು ಉದ್ದವಾಗಿದೆ ಅನ್ನುವ ಅಳತೆ) 0.5 ಆದರೆ ಅದು 0.12ಕ್ಕೆ ಇಳಿಯುತ್ತದೆ. ಆಟಗಾರನಿಗೆ ಕಾರಣ ತಿಳಿಯದಿದ್ದರೂ ‘ಈ ಜಾಗ ಬೇರೆ ಥರ ಇದೆ’ ಅನ್ನುವುದು ತಿಳಿಯುತ್ತದೆ.

ಇಷ್ಟಾದರೂ ಯಾರಾದರೂ 1984ರ ಎಲೈಟ್ ಆಟವನ್ನು ಎಳೆದು ತರುತ್ತಾರೆ. ಬೆಲ್ ಮತ್ತು ಬ್ರಾಬೆನ್ 32 ಕೆಬಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ವ್ಯವಸ್ಥೆ ತುಂಬಿಸಿದರು, ಭೌತಶಾಸ್ತ್ರ ಇರಲಿಲ್ಲವಲ್ಲ ಎಂದು. ಸ್ವಾಮಿ, ಅಲ್ಲಿ ಒಂದು ವ್ಯವಸ್ಥೆಗೆ ಒಂದು ಸೂರ್ಯ, ಒಂದು ಗ್ರಹ, ಒಂದು ನಿಲ್ದಾಣ. ಜಗಳ ಆಗಬೇಕಾದರೂ ಇನ್ನೊಬ್ಬ ಬೇಕು. ಎರಡನೇ ಗ್ರಹ ಬಂದ ಕ್ಷಣವೇ ಲೆಕ್ಕ ಶುರು.

ನಿಜ ಹೇಳಬೇಕೆಂದರೆ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯದೇ ಇದೆ: ‘ಎಲ್ಲೆಲ್ಲಿ ಸುಳ್ಳು ಹೇಳಿದ್ದೀರಿ?’ ಯಾರೂ ಕೇಳಿಲ್ಲ. ಕೇಳಿದರೆ ಕಾಫಿ ಕೊಡಿಸಿ ಹೇಳುತ್ತೇನೆ, ಯಾಕೆಂದರೆ ಸುಳ್ಳು ತುಂಬ ಇದೆ.

ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕಲ್ಲುಗಳದ್ದಿದೆಯಲ್ಲ, ಆ ಕ್ಷುದ್ರಗ್ರಹಗಳ ಪಟ್ಟಿ ಮೊದಲನೆಯದು. ನಮ್ಮದರ ಒಟ್ಟು ತೂಕ ಚಂದ್ರನ ಶೇಕಡ 3ರ ಆಸುಪಾಸು. ಪಯೋನಿಯರ್ 10 ನೌಕೆ ಅದನ್ನು ದಾಟುವಾಗ ಯಾವುದಕ್ಕೂ ಡಿಕ್ಕಿ ಹೊಡೆಯಲಿಲ್ಲ. ಸತ್ಯವನ್ನೇ ಇಟ್ಟರೆ ಆಟಗಾರನಿಗೆ ಕಾಣುವುದು ಕತ್ತಲೆ. ಅಲ್ಲಿ ಕಲ್ಲು ಗುಂಪುಗೂಡಿಸುತ್ತೇವೆ, ನಾಚಿಕೆಯಿಲ್ಲದೆ. ರಾಕೆಟ್ ಹಾರಿಸುವ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂನ ಕರ್ಬಿನ್ ಗ್ರಹದ ಅಳತೆಗಳನ್ನು ಕೋಡು ಹುಟ್ಟಿಸಿದ್ದಲ್ಲ, ಕೈಯಿಂದಲೇ ಇಟ್ಟದ್ದು. ಆದರೂ ಸುಳ್ಳಿನ ಮಾದರಿಗೆ ಅದೇ ಶ್ರೇಷ್ಠ. ತ್ರಿಜ್ಯ 600 ಕಿ.ಮೀ., ಮೇಲ್ಮೈ ಗುರುತ್ವ ಭೂಮಿಯಷ್ಟೇ. ಹಾಗಾಗಬೇಕಾದರೆ ಸಾಂದ್ರತೆ ಭೂಮಿಯ ಹತ್ತು ಪಟ್ಟು ಮೀರಬೇಕು, ಓಸ್ಮಿಯಮ್‌ಗಿಂತಲೂ ಭಾರ. ಅಷ್ಟು ಚಿಕ್ಕ ಗ್ರಹ ಕಟ್ಟಲು ಅಂಥ ವಸ್ತುವೇ ಇಲ್ಲ. ಪ್ರತಿಯಾಗಿ ಸಿಕ್ಕಿದ್ದೇನು? ಕಕ್ಷೆ ಸೇರಲು ಸೆಕೆಂಡಿಗೆ 7.8 ಕಿ.ಮೀ. ವೇಗದ ಬದಲು 2.3 ಸಾಕು, ಆಟಗಾರ ಕೆಲವೇ ನಿಮಿಷದಲ್ಲಿ ಮೇಲಿರುತ್ತಾನೆ. ಒಂದು ಸುಳ್ಳು, ಒಂದೇ ಜಾಗದಲ್ಲಿ, ಮೇಲಿನ ಕಕ್ಷೆಯ ಲೆಕ್ಕವೆಲ್ಲ ಶುದ್ಧ.

ಬಣ್ಣದಲ್ಲಿ ಮಾತ್ರ ಸುಳ್ಳು ಹೇಳಬೇಡಿ, ಅಲ್ಲಿ ಸತ್ಯವೇ ಚೆಂದ. ಕೆಂಪು ಕುಬ್ಜಕ್ಕೆ ಎಲ್ಲರೂ ಕುಂಕುಮ ಬಳಿಯುತ್ತಾರೆ. ಪ್ರಾಕ್ಸಿಮಾದ ತಾಪ ಸುಮಾರು 3000 ಕೆಲ್ವಿನ್. ಹಳೆಯ ಫಿಲಮೆಂಟ್ ಬಲ್ಬಿನ ತಂತಿ 2700ರ ಆಸುಪಾಸು. ಅಂದರೆ ಆ ಗ್ರಹದ ಹಗಲು ಎಲ್‌ಇಡಿ ಬರುವ ಮುಂಚಿನ ನಮ್ಮ ನಡುಮನೆಯ ಸಂಜೆ ಇದ್ದ ಹಾಗೆ, ಆಕಾಶದಲ್ಲಿ ನಮ್ಮ ಸೂರ್ಯನ ಮೂರು ಪಟ್ಟು ಅಗಲದ ಬಲ್ಬು.

ಇನ್ನು ರ‍್ಯಾಂಡಮ್‌ನದೇ ಕಥೆ. ಅದೂ ಸುಮ್ನೆ ಬರುವುದಿಲ್ಲ. ಇಡೀ ವ್ಯವಸ್ಥೆಗೆ ಒಂದೇ ಸೀಡ್ (ಸಂಖ್ಯೆಗಳ ಸರಣಿ ಹೊರಡುವ ಮೊದಲ ಅಂಕಿ) ಕೊಟ್ಟು ಸಾಲಾಗಿ ಸಂಖ್ಯೆ ಎಳೆಯುತ್ತಾ ಹೋದಿರೋ, ನಾಳೆ ಎರಡನೇ ಗ್ರಹಕ್ಕೆ ಒಂದು ಚಂದ್ರ ಹೆಚ್ಚಿಸಿದರೆ ಮೂರನೆಯದರಿಂದಾಚೆ ಎಲ್ಲವೂ ಬದಲಾಗುತ್ತದೆ. ಆಟಗಾರ ಬೆಟ್ಟದ ಮೇಲೆ ಕಟ್ಟಿದ ಮನೆ ಬೆಳಗಾಗುವುದರಲ್ಲಿ ಸಮುದ್ರದ ತಳದಲ್ಲಿ. ಪ್ರತಿ ಗ್ರಹಕ್ಕೂ ತಾಯಿಯ ಸೀಡ್, ತನ್ನ ಕ್ರಮಸಂಖ್ಯೆ, ಕೆಲಸದ ಹೆಸರು ಮೂರನ್ನೂ ಹ್ಯಾಶ್ ಮಾಡಿ, ಅಂದರೆ ಕಲಸಿ ಒಂದೇ ಸಂಖ್ಯೆಯಾಗಿಸಿ, ಸ್ವಂತ ಸೀಡ್ ಕೊಡಿ. ಸೈನ್, ಘಾತದಂಥ ಫಂಕ್ಷನ್‌ಗಳ ಕೊನೆಯ ಬಿಟ್ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಬಹುದು. ‘273ಕ್ಕಿಂತ ಹೆಚ್ಚಿದ್ದರೆ ನೀರು’ ಎಂಬಂಥ ಗಡಿಯಲ್ಲಿ ನಿಂತ ಗ್ರಹ ನಿಮಗೆ ಕಡಲು, ನಿಮ್ಮ ಗೆಳೆಯನಿಗೆ ಮಂಜುಗಡ್ಡೆ. ಗಡಿಗೆ ಹೋಲಿಸುವ ಮುನ್ನ ಪೂರ್ಣಾಂಕಕ್ಕೆ ದುಂಡಾಗಿಸಿದರೆ ಗಡಿ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ, ಕಾಟ ತಪ್ಪಬೇಕಾದರೆ ಆ ಲೆಕ್ಕವನ್ನೇ ಮೊದಲಿನಿಂದ ಪೂರ್ಣಾಂಕದಲ್ಲಿ ಮಾಡಬೇಕು. ಸ್ಥಾನಗಳನ್ನು 64 ಬಿಟ್ಟಿನ ಸಂಖ್ಯೆಯಾದ ಡಬಲ್‌ನಲ್ಲಿಡಿ. 32 ಬಿಟ್ಟಿನ ಫ್ಲೋಟ್‌ಗೆ ಒಂದು ಖಗೋಳಮಾನ ದೂರದಲ್ಲಿ ಅತಿ ಚಿಕ್ಕ ಹೆಜ್ಜೆ 16 ಕಿ.ಮೀ., ಹಡಗು ನಡೆಯುವುದಿಲ್ಲ, ಕಪ್ಪೆಯಂತೆ ನೆಗೆಯುತ್ತದೆ. ಡಬಲ್‌ನಲ್ಲಿ ಅದೇ ಹೆಜ್ಜೆ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ.

ಮತ್ತೆ, ಸೇವ್ ಫೈಲಿನಲ್ಲಿ ಜನರೇಟರಿನ ಆವೃತ್ತಿ ಸಂಖ್ಯೆಯನ್ನೂ ಬರೆದಿಡಿ. ಎರಡು ಬೈಟ್ ಸಾಕು.