ನಕ್ಷೆಯಲ್ಲಿ ಹುಟ್ಟಿದ ಜಾಗ ಊರಾಗುತ್ತದೆಯೇ?

ನೆದರ್ಲೆಂಡ್ಸ್‌ನ ನಾಗೆಲೆ ಎಂಬ ಕೃಷಿಕರ ಊರಿನ ಮಾತು ತೆಗೆದಾಗಲೆಲ್ಲ ಕೇಳುವವರು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಸರ್ಕಾರವೇ ಗೆರೆ ಎಳೆದು, ಜನರನ್ನು ಆರಿಸಿ ತಂದು ಕೂರಿಸಿದ ಜಾಗ ಬಡಾವಣೆಯಾದೀತೇ ಹೊರತು ಊರಾದೀತೇ? ಆಗಿದೆ ಎಂಬುದೇ ನನ್ನ ಉತ್ತರ, ಆದರೆ ಗೆರೆ ಎಳೆದವರು ಎಣಿಸಿದಂತೆ ಅಲ್ಲ.

ನಮ್ಮ ಕಿವಿಗೆ ವೀಳ್ಯದೆಲೆಯನ್ನು ನೆನಪಿಸುವ ಆ ಹೆಸರೊಂದೇ ಅಲ್ಲಿ ಹಳೆಯದು. ಅದು ಮಧ್ಯಯುಗದಲ್ಲಿ ನೀರುಪಾಲಾದ ಹಳ್ಳಿಯೊಂದರ ಹೆಸರು. 1932ರಲ್ಲಿ ಜೌಡರ್‌ಜೇ ಎಂಬ ಒಳಗಡಲಿನ ಬಾಯಿಗೆ ಸುಮಾರು 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಮುಗಿಸಿದರು. ಬಳಿಕ ಅದರೊಳಗೆ ಇನ್ನೊಂದು ಒಡ್ಡು ಕಟ್ಟಿ, ಪಂಪುಗಳಿಂದ ನೀರೆತ್ತಿ ಹೊರಹಾಕಿ, 1942ರ ವೇಳೆಗೆ ಸುಮಾರು 48,000 ಹೆಕ್ಟೇರ್ ನೆಲವನ್ನು ಪಡೆದರು. ಹೀಗೆ ನೀರು ಬತ್ತಿಸಿ ಪಡೆದ ನೆಲಕ್ಕೆ ಅಲ್ಲಿ ಪೋಲ್ಡರ್ ಎನ್ನುತ್ತಾರೆ; ನಾಗೆಲೆ ಇರುವ ನೋರ್ಡ್‌ಓಸ್ಟ್‌ಪೋಲ್ಡರ್ ಎಂದರೆ ಇದೇ. ಆಗ ದೇಶ ಜರ್ಮನರ ವಶದಲ್ಲಿತ್ತು. ಕಡ್ಡಾಯ ದುಡಿಮೆಗೆ ಜರ್ಮನಿಗೆ ಸಾಗಿಸುತ್ತಾರೆಂದು ಹೆದರಿದ ಎಷ್ಟೋ ತರುಣರು ಈ ಕೆಸರುನೆಲದಲ್ಲಿ ಕೂಲಿಯಾಳುಗಳಾಗಿ ಸೇರಿ ತಲೆಮರೆಸಿಕೊಂಡಿದ್ದರು.

ಭೂಮಿ ಸರ್ಕಾರದ್ದು, ರೈತ ಗೇಣಿದಾರ. ಅರ್ಜಿ ಹಾಕಿದವರ ಬೇಸಾಯದ ಅನುಭವವನ್ನೂ ಕೈಯಲ್ಲಿರುವ ಹಣವನ್ನೂ ನೋಡಿದ್ದು ಸರಿಯೇ, ಆದರೆ ಅಧಿಕಾರಿಗಳು ಮನೆಗೇ ಹೋಗಿ ಸಂಸಾರ ಎಷ್ಟು ಅಚ್ಚುಕಟ್ಟಾಗಿದೆ ಎಂದು ಪರೀಕ್ಷಿಸುತ್ತಿದ್ದದ್ದು ನನಗೆ ಇಂದಿಗೂ ಒಪ್ಪಿಗೆಯಾಗುವುದಿಲ್ಲ. ಹೆಣ್ಣು ನೋಡಲು ಬಂದವರೂ ಅಷ್ಟು ಇಣುಕುವುದಿಲ್ಲ.

ನಡುವೆ ಎಮ್ಮೆಲೋರ್ಡ್ ಪಟ್ಟಣ, ಸುತ್ತ ಬಳೆಯಂತೆ ಹತ್ತು ಹಳ್ಳಿಗಳು ಎಂಬುದು ನಕ್ಷೆ. ಮೊದಲು ಐದೇ ಎಂದುಕೊಂಡಿದ್ದರು. ಹಳ್ಳಿಯಲ್ಲಿ ವಾಸಿಸುವ ಕೂಲಿಕಾರರು ಹೊಲಕ್ಕೆ ಸೈಕಲ್ಲಿನಲ್ಲಿ ಹೋಗಿಬರುವ ದೂರವನ್ನು ಲೆಕ್ಕಹಾಕಿ ಹತ್ತಕ್ಕೆ ಏರಿಸಿದರು. ಅವುಗಳಲ್ಲಿ ನಾಗೆಲೆಯನ್ನು ರೀಟ್‌ವೆಲ್ಡ್, ಆಲ್ಡೋ ವಾನ್ ಐಕ್ ಮೊದಲಾದ ನವ್ಯ ವಾಸ್ತುಶಿಲ್ಪಿಗಳ ತಂಡಕ್ಕೆ ಒಪ್ಪಿಸಿದ್ದರಿಂದ ಅಲ್ಲಿ ಇಳಿಜಾರು ಹೆಂಚಿನ ಮಾಡುಗಳ ಬದಲು ಚಪ್ಪಟೆ ಚಾವಣಿಯ ಮನೆಗಳು ಬಂದವು. ಊರ ನಡುವೆ ವಿಶಾಲವಾದ ಹುಲ್ಲುಬಯಲು. ಅಲ್ಲಿ ಪಂಗಡಕ್ಕೊಂದರಂತೆ ಮೂರು ಚರ್ಚುಗಳು, ಜೊತೆಗೆ ಮೂರು ಶಾಲೆಗಳು. ಬಯಲುಗಾಳಿಯನ್ನು ತಡೆಯಲು ಸುತ್ತಲೂ ಮರಗಳ ಪಟ್ಟಿ.

ಆದರೆ ಸೈಕಲ್ಲಿನ ದೂರವನ್ನು ಅಳೆದವರು ಟ್ರ್ಯಾಕ್ಟರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಲೂಗಡ್ಡೆ, ಸಕ್ಕರೆ ಬೀಟ್, ಈರುಳ್ಳಿಯ ಹೊಲಗಳಿಗೆ ಯಂತ್ರ ಇಳಿಯಿತು. ಯಾರಿಗಾಗಿ ಸಾಲುಮನೆಗಳನ್ನು ಕಟ್ಟಿದ್ದರೋ ಆ ಆಳುಗಳೇ ಹೊಲಕ್ಕೆ ಬೇಡವಾದರು. ಕಾರು ಬಂದ ಮೇಲೆ ಸಂತೆ-ಸಾಮಾನಿಗೆ ಜನ ಎಮ್ಮೆಲೋರ್ಡಿಗೆ ಹೋಗತೊಡಗಿದರು. ಲೆಕ್ಕ ತಪ್ಪಿದ ಮೇಲೂ ಊರು ಉಳಿಯಿತಲ್ಲ, ನನ್ನ ಉತ್ತರವಿರುವುದು ಅಲ್ಲಿಯೇ.

ಈ ಪೋಲ್ಡರಿಗೆ ಜನ ಬೇರೆ ಬೇರೆ ಪ್ರಾಂತ್ಯಗಳಿಂದ ಬಂದವರು. ಕಡಲು ನುಗ್ಗಿದ 1953ರ ಪ್ರವಾಹದ ಬಳಿಕ ಜೇಲಂಡ್ ಪ್ರಾಂತ್ಯದಿಂದ ಬಂದ ರೈತರೂ ಇದ್ದರು. "ನಮ್ಮದು ಇಲ್ಲಿ ತಲತಲಾಂತರದ ಮನೆತನ" ಎನ್ನಲು ಯಾರಿಗೂ ಬಾಯಿರಲಿಲ್ಲ. ಹೆರಿಗೆಯಾಗಲಿ, ಕೊಯ್ಲಾಗಲಿ, ಕರೆದರೆ ಬರಲು ನೆಂಟರು ಹತ್ತಿರವಿರಲಿಲ್ಲ. ಪಕ್ಕದ ಮನೆಯವರನ್ನೇ ನೆಚ್ಚಬೇಕಿತ್ತು. ಆ ನೆಚ್ಚಿಗೆಯನ್ನು ಯಾವ ಅಧಿಕಾರಿಯೂ ನಕ್ಷೆಯಲ್ಲಿ ಬರೆದಿರಲಿಲ್ಲ.

ಆ ಮೂರು ಚರ್ಚುಗಳಲ್ಲಿ ಕ್ಯಾಥೊಲಿಕರದು ಈಗ ಊರಿನದೇ ಕಥೆ ಹೇಳುವ ವಸ್ತುಸಂಗ್ರಹಾಲಯ. ಸುತ್ತಲಿನ ಹೊಲಗಳ ಕಡೆಯಿಂದ ಬಂದರೆ ಆ ಹೆಸರಾಂತ ಚಪ್ಪಟೆ ಚಾವಣಿಗಳು ಕಣ್ಣಿಗೆ ಬೀಳುವುದಿಲ್ಲ. ಗಾಳಿ ತಡೆಯಲು ನೆಟ್ಟ ಮರಗಳು ಅವುಗಳನ್ನು ಮೀರಿ ಬೆಳೆದಿವೆ.