ಈಸೂರಿನ ಹುತಾತ್ಮರ ಸ್ಮಾರಕಕ್ಕೆ ಹೋಗುವವರಿಗೆ

ಶಿವಮೊಗ್ಗ ಜಿಲ್ಲೆಗೆ ಬರುವವರ ಪಟ್ಟಿಯಲ್ಲಿ ಜೋಗ, ಆಗುಂಬೆ, ಸಕ್ರೆಬೈಲು ಇದ್ದೇ ಇರುತ್ತವೆ. ಅದೇ ಪಟ್ಟಿಯಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿಗೂ ಅರ್ಧ ದಿನ ಮೀಸಲಿಡಬೇಕೆಂಬುದು ಅಲ್ಲಿಗೆ ಹೋಗಿಬಂದ ನನ್ನ ಆಗ್ರಹ.

ಶಿವಮೊಗ್ಗದಿಂದ ಸವಳಂಗದ ಮೇಲೆ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ. ದಾರಿ. ಸರ್ಕಾರಿ, ಖಾಸಗಿ ಬಸ್ಸುಗಳೆರಡೂ ಸಿಗುತ್ತವೆ. ಅಲ್ಲಿಂದ ಮುಂದೆ ಹಳ್ಳಿಯ ಬಸ್ಸನ್ನೋ ಆಟೊವನ್ನೋ ನೆಚ್ಚಿಕೊಳ್ಳಬೇಕಾದ್ದರಿಂದ, ಹಿಂದಿರುಗುವ ಬಸ್ಸಿನ ವೇಳೆಯನ್ನು ಶಿಕಾರಿಪುರದ ನಿಲ್ದಾಣದಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ, ಹೋಗಲು ಹಿತವಾದ ಕಾಲ. ಸ್ವಂತ ವಾಹನದವರು ಸುಗ್ಗಿಯ ದಿನಗಳಲ್ಲಿ ನಿಧಾನವಾಗಿ ಸಾಗಬೇಕು: ರಸ್ತೆಯ ಅರ್ಧ ಭಾಗಕ್ಕೆ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ಕಾಳಿನ ಮೇಲೆ ಚಕ್ರ ಹತ್ತಿಸದಿರುವುದು ಆ ಊರಿಗೆ ನಾವು ತೋರುವ ಮೊದಲ ಗೌರವ.

ಸ್ಮಾರಕವೇನೂ ಭವ್ಯ ಕಟ್ಟಡವಲ್ಲ. ಕಥೆ ತಿಳಿಯದೆ ಹೋದವರು ಫೋಟೊ ತೆಗೆದು ಐದೇ ನಿಮಿಷದಲ್ಲಿ ಹೊರಟುಬಿಡುತ್ತಾರೆ. ಆದ್ದರಿಂದ ಓದಿಕೊಂಡೇ ಹೋಗಿ. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಲ್ಲಿ, ಈ ಊರಿನವರು ಕಂದಾಯ ಕೊಡಲು ನಿರಾಕರಿಸಿ, ತಮ್ಮದು ಸ್ವತಂತ್ರ ಗ್ರಾಮವೆಂದು ಸಾರಿ, ವೀರಭದ್ರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿಸಿದರು. ಹಿರಿಯರನ್ನು ಪೊಲೀಸರು ಸೆರೆಗೆ ತಳ್ಳಿದರೂ ಆಡಳಿತ ನಿಲ್ಲಬಾರದೆಂದು ಬಾಲಕ ಜಯಣ್ಣನನ್ನು ಅಮಲ್ದಾರನನ್ನಾಗಿಯೂ (ಈಗಿನ ತಹಶೀಲ್ದಾರ್ ಹುದ್ದೆ) ಮಲ್ಲಪ್ಪನೆಂಬ ಹುಡುಗನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿಕೊಂಡರು. 'ಏಸೂರ ಕೊಟ್ಟರೂ ಈಸೂರ ಕೊಡೆವು' ಎಂಬ ಘೋಷಣೆ ಹುಟ್ಟಿದ್ದು ಈ ಹೋರಾಟದಲ್ಲಿ.

ಸೆಪ್ಟೆಂಬರ್ 28ರಂದು ಊರಿಗೆ ಬಂದ ಅಧಿಕಾರಿಗಳೊಂದಿಗೆ ಘರ್ಷಣೆ ನಡೆದು ಸರ್ಕಾರದ ಅಮಲ್ದಾರ್ ಮತ್ತು ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಕಥೆ ಹೇಳುವಾಗ ಈ ಸಾವುಗಳನ್ನು ಬಿಟ್ಟುಬಿಡಬಾರದೆಂದು ನನ್ನ ಅಭಿಪ್ರಾಯ, ಏಕೆಂದರೆ ಮುಂದಿನ ದಮನವೆಲ್ಲ ಅದರ ಬೆನ್ನಿಗೇ ಬಂದದ್ದು. ಸೈನ್ಯ ಊರಿಗೆ ನುಗ್ಗಿತು, ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು, ಹೆಂಗಸರೂ ಸೆರೆಮನೆ ಕಂಡರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಮಕ್ಕಳನ್ನು ಕರೆದೊಯ್ದವರು ಸ್ಮಾರಕದ ಮುಂದೆ ಈ ಐದು ಹೆಸರುಗಳನ್ನು ಅವರಿಂದಲೇ ಗಟ್ಟಿಯಾಗಿ ಹೇಳಿಸಿ.

ಸ್ಮಾರಕದಿಂದ ನೇರ ವಾಹನಕ್ಕೆ ಮರಳದೆ ವೀರಭದ್ರ ದೇವಸ್ಥಾನಕ್ಕೂ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಅನುಮತಿ ಕೇಳಿಯೇ ಫೋಟೊ ತೆಗೆಯಿರಿ. ಕಟ್ಟೆಯ ಮೇಲೆ ಕುಳಿತ ಹಿರಿಯರೊಂದಿಗೆ ಮಾತಿಗೆ ಕೂರಲು ಸಮಯವಿರಲಿ. ತಮ್ಮ ಮನೆತನದಲ್ಲಿ ಉಳಿದುಬಂದ ನೆನಪುಗಳನ್ನು ಅವರು ಅಕ್ಕರೆಯಿಂದ ಹೇಳುತ್ತಾರೆ. ನೀರು ಜೊತೆಗಿರಲಿ, ಊಟವನ್ನು ಶಿಕಾರಿಪುರದಲ್ಲೇ ಮುಗಿಸಿಕೊಳ್ಳಿ. ಉಳಿದ ಹೊತ್ತಿಗೆ ಹಳೆಯ ದೇವಾಲಯ, ಶಾಸನಗಳಿಗೆ ಹೆಸರಾದ ಬಳ್ಳಿಗಾವಿ, ತಾಳಗುಂದ ಅದೇ ತಾಲ್ಲೂಕಿನಲ್ಲಿವೆ. ಬೆಂಗಳೂರಿನಿಂದ ಬರುವವರಾದರೆ, ಆ ಹಳೆಯ ಜೈಲಿನ ಆವರಣವೇ ಈಗಿನ ಫ್ರೀಡಂ ಪಾರ್ಕ್ ಆಗಿರುವುದರಿಂದ, ಊರಿಗೆ ಮರಳಿದ ಮೇಲೆ ಅಲ್ಲಿಗೂ ಒಮ್ಮೆ ಹೋಗಿಬನ್ನಿ.